ಗುಡ್ಡದ ಒರತೆ ನೀರು ಕುಡಿಯೋಕೆ ತರೋ ಮುಂಚೆ ಏನೇನು ನೋಡಬೇಕು?

ಸಾಗರ ಹತ್ತಿರದಿಂದ: ನಮ್ಮ ಬೋರ್‌ವೆಲ್ ನೀರಲ್ಲಿ ಕಬ್ಬಿಣದ ವಾಸನೆ, ಕೊಡದ ತಳದಲ್ಲೆಲ್ಲ ಕೆಂಪು ಕಲೆ. ಅರ್ಧ ಮೈಲಿ ದೂರದ ಗುಡ್ಡದ ಬುಡದಲ್ಲಿ ಬೇಸಿಗೆಲೂ ಬತ್ತದ ಒರತೆ ಇದೆ, ಅಲ್ಲಿಂದ ತರೋಣ ಅಂತಾರೆ ಮಾವ. ಮನೇಲಿ ಎರಡು ವರ್ಷದ ಮಗು ಇದೆ. ಒರತೆ ನೀರು ಕುಡಿಯೋರು ನಿಮ್ಮ ಅನುಭವ ಹೇಳಿ.

ಶಿರಸಿ ಕಡೆಯಿಂದ: ತಂಗೀ, ನಾನು ಮದುವೆಯಾಗಿ ಬಂದಾಗಿಂದ ಕುಡಿದಿದ್ದು ಅಬ್ಬಿ ನೀರೇ. ಗುಡ್ಡದ ಸಂದಿಯಿಂದ ಅಡಿಕೆ ದಬ್ಬೆ ಇಟ್ಟು ಹಿತ್ತಲಿಗೆ ಬೀಳಿಸಿಕೊಂಡಿದ್ವಿ. ಆ ರುಚಿ ಬೇರೆ ಯಾವ ನೀರಿಗೂ ಇಲ್ಲ. ಆದ್ರೆ ರುಚಿ ನೋಡಿ ನಂಬಬೇಡ. ಒಂದು ಮಳೆಗಾಲ ಮಗನಿಗೆ ವಾಂತಿಭೇದಿ ಹಿಡಿದು ಮೂರು ದಿನ ಡ್ರಿಪ್ ಹಾಕಿಸಬೇಕಾಯ್ತು. ಆಮೇಲೆ ಗುಡ್ಡ ಹತ್ತಿ ನೋಡಿದ್ರೆ ಒರತೆಯ ಮೇಲ್ಗಡೆ ಹೊಸ ಗೊಬ್ಬರಗುಂಡಿ! ಕೆಳಗೆ ಬೀಳ್ತಿದ್ದ ನೀರು ಆಗಲೂ ಕನ್ನಡಿ ಥರ ತಿಳಿಯಾಗೇ ಇತ್ತು.

ಹಾಗಾಗಿ ಕೊಡ ಹಿಡಿಯೋ ಮೊದಲು ಒರತೆಯ ಮೇಲಿನ ಇಳಿಜಾರು ಪೂರ್ತಿ ನಡೆದು ಬಾ. ಕೊಟ್ಟಿಗೆ, ಪಾಯಿಖಾನೆ ಗುಂಡಿ ಇದ್ರೆ ಬೇಡವೇ ಬೇಡ. ಅಡಿಕೆ ತೋಟ ಇದ್ರೆ, ಕೊಳೆರೋಗಕ್ಕೆ ಔಷಧಿ ಹೊಡೆಯೋ ದಿನಗಳಲ್ಲಿ ಮೈಲುತುತ್ತ ತೊಳೆದುಕೊಂಡು ಇಳಿಯುತ್ತೆ, ಎಷ್ಟು ಕುದಿಸಿದ್ರೂ ಅದರಲ್ಲಿರೋ ತಾಮ್ರ ಹೋಗಲ್ಲ. ಜೋರು ಮಳೆ ಬಂದು ಒಂದೆರಡು ಗಂಟೇಲೇ ನೀರು ಕದಡಿದ್ರೆ ಮೇಲಿನ ನೀರು ಅದಕ್ಕೆ ಸೇರ್ತಿದೆ ಅಂತ ತಿಳ್ಕೋ.

ಪಂಚಾಯ್ತಿಲಿ ನೀರು ಪರೀಕ್ಷೆಯ ಸಣ್ಣ ಬಾಟಲಿ ಇದೆಯಾ ಕೇಳು. ಗೆರೆವರೆಗೆ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಬೆಚ್ಚಗಿರೋ ಕಡೆ 24ರಿಂದ 48 ಗಂಟೆ ಇಡಬೇಕು. ಹೊಲಸು ಸೇರಿದ್ರೆ ಕಪ್ಪಾಗುತ್ತೆ. ನಮ್ಮದು ಮರುದಿನ ಬೆಳಿಗ್ಗೆ ಏಳೋಷ್ಟರಲ್ಲಿ ಕಾಡಿಗೆ ಆಗಿತ್ತು. ಗೊಬ್ಬರ, ಹೊಲಸಿನಿಂದ ನೀರಿಗೆ ಸೇರೋ ನೈಟ್ರೇಟನ್ನೂ ಪ್ರಯೋಗಾಲಯದಲ್ಲಿ ನೋಡಿಸು; ಲೀಟರಿಗೆ 45 ಮಿಲಿಗ್ರಾಂ ದಾಟಿದ ನೀರು ಮಗುವಿಗೆ ಕೊಡಬಾರದು, ಅದೂ ಕುದಿಸಿದ್ರೆ ಹೋಗೋದಲ್ಲ. ಎಲ್ಲ ಸರಿ ಇದ್ರೂ ಬಟ್ಟೇಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು, ಅದೇ ಪಾತ್ರೇಲಿ ಮುಚ್ಚಿ ಆರಿಸು. ನಾವು ಈಗಲೂ ಅಬ್ಬಿ ನೀರೇ ಕುಡಿಯೋದು, ಕುದಿಸಿ.

ವಿಟ್ಲದಿಂದ: ನಮ್ಮದು ಸುರಂಗದ ನೀರು, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು. ಒಳಗೆ ಬಾವಲಿ ಸೇರಿದ್ದು ತುಂಬ ತಡವಾಗಿ ಗೊತ್ತಾಯಿತು, ಈಗ ಬಾಯಿಗೆ ಬಲೆ ಉಂಟು. ನೀವು ಒರತೆಯ ಗುಂಡಿಗೆ ಕೊಡ ಅದ್ದಬೇಡಿ. ಕೊಡದ ತಳದ ಮಣ್ಣು, ಕೈಯ ಕೊಳೆ ಎಲ್ಲ ಅದರಲ್ಲೇ ಉಳಿಯುತ್ತದೆ. ಒಂದು ಪೈಪಿನ ತುಂಡು ಸಿಕ್ಕಿಸಿ ಧಾರೆಗೆ ಹಿಡಿಯಿರಿ. ಮತ್ತೆ, ಕೆಳಗಿನ ಮನೆಯವರಿಗೆ ಆ ನೀರೇ ಆಧಾರವಾಗಿದ್ದರೆ ಅವರನ್ನು ಕೇಳಿಯೇ ತನ್ನಿ.

ತೀರ್ಥಹಳ್ಳಿಯಿಂದ: ನೀರಿನ ವಿಷಯ ಎಲ್ಲರೂ ಹೇಳಿದ್ರು, ನಾನು ದಾರಿ ವಿಷಯ ಹೇಳ್ತೀನಿ. ಡಿಸೆಂಬರಿಂದ ಮೇವರೆಗೆ ಕಾಡುದಾರಿಲಿ ಉಣುಗು ಜಾಸ್ತಿ. ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಲ್ಲೇ. ತುಂಬುತೋಳಿನ ಅಂಗಿ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಕೇಂದ್ರದಲ್ಲಿ ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆನೂ ಬಿಸಿನೀರಿಗೆ. ಮಗುವನ್ನ ಕಂಕುಳಲ್ಲಿ ಎತ್ಕೊಂಡು ಹೋಗಬೇಡಿ. ದಾರಿಲಿ ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ತಿರುಗಿ ಬಂದು ಆಶಾ ಕಾರ್ಯಕರ್ತೆಗೆ ತಿಳಿಸಿ.

ಸಾಗರ ಹತ್ತಿರದಿಂದ: ಎಲ್ಲರಿಗೂ ನಮಸ್ಕಾರ. ಅಕ್ಕಾ, ನೀವು ಹೇಳಿದಂಗೆ ಇವತ್ತು ಮಾವನ ಜೊತೆ ಮೇಲೆ ಹತ್ತಿ ಬಂದೆ. ಕೊಟ್ಟಿಗೆ ಇಲ್ಲ, ಆದ್ರೆ ಮೂವತ್ತು ಹೆಜ್ಜೆ ಮೇಲೆ ಒಂದು ತೋಟದ ಕಾಲುವೆ ಇದೆ. ಬಾಟಲಿ ತುಂಬಿ ಒಲೆ ಹಿಂದಿನ ಗೂಡಲ್ಲಿ ಇಟ್ಟಿದೀನಿ. ನಾಡಿದ್ದು ಬಣ್ಣ ನೋಡಿ ಹೇಳ್ತೀನಿ.