ಐದು ಸಾವಿರ ವರ್ಷ ಉಳಿಯೋ ಹಾಗೆ ಯಾವುದರ ಮೇಲೆ ಬರೆದಿಡೋದು?

ಕೆತ್ತನೆ_ಹುಚ್ಚ:
ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಎಲ್ಲಾ ನಂಬೋಕಾಗಲ್ಲ, ಐದು ಸಾವಿರ ವರ್ಷ ಆದ್ಮೇಲೂ ಯಾರಾದ್ರೂ ಓದಬೇಕು ಅಂದ್ರೆ ಏನ್ ಮಾಡ್ಬೇಕು? ಟೈಟಾನಿಯಂ ಪ್ಲೇಟ್ ಮೇಲೆ ಲೇಸರ್‌ನಲ್ಲಿ ಕೆತ್ತಿಸೋಣ ಅಂತಿದೀನಿ, ತುಕ್ಕು ಹಿಡಿಯಲ್ಲ. ಇದಕ್ಕಿಂತ ಒಳ್ಳೇದು ಇದ್ಯಾ?

ಜೇಡಿಮಣ್ಣು:
ಲೋಹ ಬೇಡ ಗುರೂ. ತುಕ್ಕಿಗಿಂತ ಮನುಷ್ಯರ ಕಾಟ ಜಾಸ್ತಿ. ಪ್ರಾಚೀನ ಗ್ರೀಕರ ಕಂಚಿನ ಪ್ರತಿಮೆಗಳಲ್ಲಿ ಬಹುಪಾಲು ಈಗ ಇಲ್ಲ, ಕಂಚಿಗೆ ಬೆಲೆ ಇತ್ತು, ಕರಗಿಸಿಬಿಟ್ರು. ಮೆಸೊಪೊಟೇಮಿಯಾದ (ಈಗಿನ ಇರಾಕ್ ಕಡೆ) ಬರಹ ಇರೋ ಜೇಡಿಮಣ್ಣಿನ ಹಲಗೆ ಕದ್ದು ಯಾರಿಗೇನ್ ಲಾಭ? ಕ್ರಿ.ಪೂ. 612ರಲ್ಲಿ ಅಲ್ಲಿನ ನಿನೆವೆ ಪಟ್ಟಣ ಹೊತ್ತಿ ಉರಿದಾಗ ಅಸಿರಿಯಾದ ರಾಜ ಅಶುರ್‌ಬನಿಪಾಲನ ಲೈಬ್ರರಿಯಲ್ಲಿದ್ದ ಎಷ್ಟೋ ಹಲಗೆಗಳು ಆ ಬೆಂಕಿಯಲ್ಲೇ ಇಟ್ಟಿಗೆ ಥರ ಬೆಂದು ಇನ್ನೂ ಗಟ್ಟಿಯಾದವು, ಸುಟ್ಟವರೇ ಕಾಪಾಡಿದಂಗಾಯ್ತು ನೋಡಿ 😄 ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲೂ ಮೆಮೊರಿ ಆಫ್ ಮ್ಯಾನ್‌ಕೈಂಡ್ ಅನ್ನೋರು ಸೆರಾಮಿಕ್ ಬಿಲ್ಲೆಗಳನ್ನೇ ಉಪ್ಪಿನ ಗಣಿಯೊಳಗೆ ಇಡ್ತಿದಾರೆ. ಉಪ್ಪು ಬಹಳ ನಿಧಾನಕ್ಕೆ ಜರುಗಿ ಖಾಲಿ ಜಾಗನ ತಾನೇ ಮುಚ್ಚುತ್ತೆ.

ಫೋಟಾನ್:
ಕ್ವಾರ್ಟ್ಜ್ ಗಾಜು ಯಾಕಾಗಬಾರದು? 2019ರಲ್ಲಿ ಮೈಕ್ರೋಸಾಫ್ಟ್‌ನೋರು 75 ಮಿ.ಮೀ. ಚೌಕ, 2 ಮಿ.ಮೀ. ದಪ್ಪದ ಗಾಜಿನೊಳಗೆ ಒಂದಿಡೀ ಸಿನಿಮಾ ಹಾಕಿ ತೋರಿಸಿದ್ರು, ಕುದಿಸಿದ್ರೂ ಡೇಟಾ ಹೋಗಲ್ಲ.

ಭೂತಗನ್ನಡಿ:
ಗಾಜೇನೋ ಉಳಿಯುತ್ತೆ, ಅದನ್ನ ಓದೋ ಮೆಷಿನ್ ಎಲ್ಲಿರುತ್ತೆ ಸ್ವಾಮಿ? ಬಿಬಿಸಿ 1986ರಲ್ಲಿ ಡೂಮ್ಸ್‌ಡೇ ಪ್ರಾಜೆಕ್ಟ್ ಅಂತ ಲೇಸರ್ ಡಿಸ್ಕ್‌ಗೆ ತುಂಬಿಸಿಟ್ಟಿದ್ದನ್ನ ಇಪ್ಪತ್ತು ವರ್ಷದೊಳಗೇ ಓದೋಕೆ ಪರದಾಡಿದ್ರು, 1086ರಲ್ಲಿ ಇಂಗ್ಲೆಂಡ್‌ನ ಜಮೀನಿನ ಲೆಕ್ಕ ಬರೆದಿಟ್ಟ ಮೂಲ ಡೂಮ್ಸ್‌ಡೇ ಪುಸ್ತಕ ಇವತ್ತಿಗೂ ಕಣ್ಣಲ್ಲೇ ಓದಬಹುದು. ಲಾಂಗ್ ನೌ ಫೌಂಡೇಶನ್‌ನ ನಿಕಲ್ ರೊಸೆಟ್ಟಾ ಡಿಸ್ಕ್ ಐಡಿಯಾ ನಂಗಿಷ್ಟ. ಅಂಚಲ್ಲಿ ಬರಹ ಬರಿಗಣ್ಣಿಗೆ ಕಾಣೋಷ್ಟು ದೊಡ್ಡದು, ಸುರುಳಿ ಸುತ್ತುತ್ತಾ ಒಳಗೆ ಹೋದಂಗೆ ಸಣ್ಣ ಆಗ್ತಾ ಹೋಗುತ್ತೆ, ಸಿಕ್ಕಿದವನಿಗೆ ಮಸೂರ ಬೇಕು ಅಂತ ತಾನಾಗೇ ಹೊಳೆಯುತ್ತೆ. ಮೈಕ್ರೋಸ್ಕೋಪ್ ಇದ್ರೆ 13,000ಕ್ಕೂ ಹೆಚ್ಚು ಪುಟ. ಮತ್ತೆ ಒಂದೇ ಭಾಷೆಲಿ ಬರೀಬೇಡಿ, ಸಿಂಧೂ ಮುದ್ರೆಗಳು ಕೈಯಲ್ಲಿದ್ರೂ ಓದಕ್ಕಾಗ್ತಿಲ್ಲ.

ಕೆತ್ತನೆ_ಹುಚ್ಚ:
ಸರಿ, ಟೈಟಾನಿಯಂ ಕ್ಯಾನ್ಸಲ್. ಮಾಮೂಲಿ ಟೈಲ್ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದ್ರೆ ನಡೆಯುತ್ತಾ?

ಜೇಡಿಮಣ್ಣು:
ಖಂಡಿತ ಇಲ್ಲ, ಸ್ಪಿರಿಟ್ ಹಾಕಿ ಒರೆಸಿದ್ರೆ ಹೋಗುತ್ತೆ. ಸೆರಾಮಿಕ್ ಬಣ್ಣದಲ್ಲಿ ಬರೆದು ಗೂಡಲ್ಲಿ ಸುಡಿಸಿ, ಆಗ ಬಣ್ಣ ಗ್ಲೇಜ್ (ಟೈಲ್ ಮೇಲಿರೋ ಗಾಜಿನಂಥ ಪದರ) ಜೊತೆ ಬೆರೆತುಹೋಗುತ್ತೆ. ಇಲ್ಲಾಂದ್ರೆ ಹಸಿಮಣ್ಣಿರುವಾಗಲೇ ಕಡ್ಡಿಯಲ್ಲಿ ಗೀಚಿ ಸುಡಿ, ಅದು ಇನ್ನೂ ಸುಲಭ. ಮೂರ್ನಾಲ್ಕು ಕಾಪಿ ಮಾಡಿ ಬೇರೆ ಬೇರೆ ಕಡೆ ಹೂಳಿ.