ಜಗಳ ಮುಗಿದು ಐದು ತಿಂಗಳಾಯ್ತು, ಕಾಲೋನಿಯವರಿಗೆ ಇನ್ನೂ ನಿದ್ದೆ ಇಲ್ಲ. ಏನು ಮಾಡಲಿ?

ಗಡಿ_ಊರಿನ_ಆಶಾ

ಚಿಕ್ಕಬಳ್ಳಾಪುರ ಜಿಲ್ಲೆ, ಆಂಧ್ರ ಗಡಿ ಹತ್ತಿರದ ಊರು. ಹೆಸರು ಬೇಡ. ಜಾತ್ರೆಯಲ್ಲಿ ದಲಿತ ಕಾಲೋನಿಯವರು ತೇರಿನ ಹಗ್ಗ ಮುಟ್ಟಿದ್ದಕ್ಕೆ ಜಗಳವಾಗಿ ಕಾಲೋನಿ ಮೇಲೆ ಕಲ್ಲು ಬಿತ್ತು, ಎರಡು ಬೈಕ್ ಸುಟ್ಟರು. ಪೊಲೀಸ್ ವ್ಯಾನು ಒಂದು ತಿಂಗಳು ನಿಂತಿತ್ತು. ಶಾಂತಿ ಸಭೆ ಆಯ್ತು, ಎಲ್ಲರೂ ಸಹಿ ಹಾಕಿದರು, ವ್ಯಾನು ಹೋಯ್ತು.

ನಾನು ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗುತ್ತೇನಲ್ಲ, ನನಗೆ ಅದು ಮುಗಿದ ಹಾಗೆ ಕಾಣುತ್ತಿಲ್ಲ. ಒಬ್ಬ ಅಜ್ಜಿ ಕತ್ತಲಾದರೆ ಬಾಗಿಲ ಹಿಂದೆ ರಾಗಿ ಚೀಲ ಅಡ್ಡ ಇಟ್ಟು ಅದಕ್ಕೇ ಒರಗಿ ಕೂರುತ್ತಾರೆ, ಬೆಳಗಿನ ಕೋಳಿ ಕೂಗೋವರೆಗೂ ಹಾಗೇ. ಒಂಬತ್ತು ವರ್ಷದ ಹುಡುಗ ಮೊನ್ನೆ ಮದುವೆಯಲ್ಲಿ ಪಟಾಕಿ ಸದ್ದಿಗೆ ಚಡ್ಡಿ ಒದ್ದೆ ಮಾಡಿಕೊಂಡ. ಗಂಡಸರು ಕುಡಿಯೋದು ಜಾಸ್ತಿಯಾಗಿದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ. ಹೋಗೋಣ ಬನ್ನಿ ಅಂದರೆ "ನಮಗೇನು ಹುಚ್ಚಾ?" ಅನ್ನುತ್ತಾರೆ. ಇನ್ನೊಂದು ವಿಷಯ, ಬಸ್ಸಿಗೆ ಹೋಗಬೇಕಾದರೆ ಮೇಲಿನ ಬೀದಿ ದಾಟಬೇಕು.

ಮರೆಮಾಚೋದು ಬೇಡ, ನಾನೂ ಮೇಲಿನ ಬೀದಿಯವಳೇ. ನಾನು ಹೋದರೆ ಬಿಪಿ ನೋಡಿಸಿಕೊಂಡು ಸುಮ್ಮನಾಗುತ್ತಾರೆ.

ಶಿರಾಗೇಟ್

ಅಕ್ಕ, ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ. ಅವರ ಮಾತು ಕೇಳಿಸಿಕೊಳ್ಳುವವರು ಕಾಲೋನಿಯವರೇ ಆಗಬೇಕು. ನೀವು ಹಿಂದೆ ನಿಂತು ದಾರಿ ಮಾಡಿಕೊಡಿ.

ನಾನು ತುಮಕೂರು ಕಡೆ ಕೌನ್ಸೆಲರ್. ಮೊದಲು ಮಾಡಬಾರದ್ದು ಹೇಳುತ್ತೇನೆ, ಯಾಕಂದ್ರೆ ಅದನ್ನ ನಾನೇ ಮಾಡಿ ಕೆಟ್ಟಿದ್ದೇನೆ. ಎಲ್ಲರನ್ನೂ ಸಮುದಾಯ ಭವನದಲ್ಲಿ ಕೂರಿಸಿ "ಆವತ್ತು ಏನಾಯ್ತು ಹೇಳಿ" ಅಂತ ಕೇಳಬೇಡಿ. ಹಾಗೆ ಒಂದೇ ಸಲ ಕೂರಿಸಿ ಎಲ್ಲವನ್ನೂ ಕಕ್ಕಿಸೋದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಬಿಡಿ. "ನಿದ್ದೆ ಹೇಗಿದೆ, ಊಟ ಸೇರುತ್ತಾ" ಅಂದರೆ ಸಾಕು, ಮಾನಸಿಕ ಅನ್ನೋ ಪದವೇ ಬೇಡ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ನುಂಗುತ್ತಿದ್ದಾರಾ ಅಂತಲೂ ನೋಡಿ. ಒಂದು ಸಲ ಅಭ್ಯಾಸವಾದರೆ ಬಿಡಿಸೋದು ಕಷ್ಟ.

ಯಾರಾದರೂ ಸಾಯೋ ಮಾತಾಡಿದರೆ, ಊಟವೇ ಬಿಟ್ಟರೆ, ಇಲ್ಲದ ದನಿ ಕೇಳಿಸುತ್ತೆ ಅಂದರೆ ಮಂಗಳವಾರಕ್ಕೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅವತ್ತೇ ಹತ್ತಿರದ ಆಸ್ಪತ್ರೆಗೂ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ.

ಚಿಂತಾಮಣಿ_ಹೈದ

ಎಲ್ಲ ಸರಿ ಸರ್, ಆದರೆ ನನಗೆ ಇದರಲ್ಲಿ ಒಂದು ಕಿರಿಕಿರಿ. 2000ದ ಮಾರ್ಚ್‌ನಲ್ಲಿ ನಮ್ಮ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಂಥ ಮನೆಗೆ ಹೋಗಿ "ಉಸಿರು ನಿಧಾನಕ್ಕೆ ಬಿಡಿ ಅಮ್ಮ" ಅನ್ನೋಕೆ ಯಾವ ಮುಖ ಇರುತ್ತೆ?

ಆ ಅಜ್ಜಿಗೆ ಕಾಯಿಲೆ ಅಂತ ಯಾರು ಹೇಳಿದ್ದು? ಕಲ್ಲು ಹೊಡೆದವರು ನೂರು ಅಡಿ ದೂರದಲ್ಲಿದ್ದರೆ ನಾನೂ ಚೀಲ ಅಡ್ಡ ಇಡುತ್ತೇನೆ. ಚಾರ್ಜ್‌ಶೀಟ್ ಹಾಕಿದ್ದಾರಾ? ಪರಿಹಾರ ಬಂತಾ? ಡೈರಿಯಲ್ಲಿ ಇವರ ಹಾಲು ತಗೋತಾರಾ? ಅದು ಮೊದಲು.

ಶಿರಾಗೇಟ್

ಒಪ್ಪಿದೆ ಅಣ್ಣ. ಕೇಸು ನಿಂತ ಜಾಗದಲ್ಲಿ ನಮ್ಮಂಥವರನ್ನ ಕಳಿಸಿ ಕೈ ತೊಳೆದುಕೊಳ್ಳೋದನ್ನ ನಾನೂ ನೋಡಿದ್ದೇನೆ. ಆದರೆ ಕೇಸು ಮುಗಿಯೋವರೆಗೆ ಆ ಹುಡುಗ ಕಾಯಬೇಕಾ? ಎರಡೂ ಒಟ್ಟಿಗೆ ನಡೀಲಿ.

ಕೋಲಾರದ_ಎಂಎಸ್‌ಡಬ್ಲ್ಯೂ

ಜಿಂಬಾಬ್ವೆಯ ಕಥೆ ಇಲ್ಲಿಗೆ ಹೊಂದುತ್ತೆ, ಸ್ವಲ್ಪ ಉದ್ದ, ಓದಿ. 2005ರಲ್ಲಿ ಅಲ್ಲಿನ ಸರ್ಕಾರವೇ ಬಡವರ ಮನೆಗಳನ್ನ ಕೆಡವಿತು. ಸುಮಾರು 7 ಲಕ್ಷ ಜನ ಮನೆಯನ್ನೋ ದುಡಿಮೆಯನ್ನೋ ಕಳೆದುಕೊಂಡರು ಅಂತ ವಿಶ್ವಸಂಸ್ಥೆ ಅಂದಾಜು ಮಾಡಿತ್ತು. ಇಡೀ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆ. ಡಿಕ್ಸನ್ ಚಿಬಾಂಡಾ ಅನ್ನೋ ಡಾಕ್ಟರಿಗೆ ದುಡ್ಡೂ ಇಲ್ಲ, ಜಾಗವೂ ಇಲ್ಲ, ಸಿಕ್ಕಿದ್ದು 14 ಜನ ಅಜ್ಜಿಯರು. ಅವರಿಗೆ ತರಬೇತಿ ಕೊಟ್ಟು ಆಸ್ಪತ್ರೆ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಡಿಪ್ರೆಶನ್ ಅನ್ನೋ ಪದವನ್ನ ಅವರು ಬಳಸಲಿಲ್ಲ. ಅಲ್ಲಿನ ಜನ ಹೇಳೋದು "ಕುಫುಂಗಿಸಿಸಾ", ಅಂದ್ರೆ ಯೋಚನೆ ಜಾಸ್ತಿಯಾಗೋದು. ನಮ್ಮಮ್ಮನೂ "ಯೋಚ್ನೆ ಜಾಸ್ತಿ ಆಗಿ ತಲೆ ಕಾಯ್ತಿದೆ" ಅಂತಾರೆ, ಅದೇ ತಾನೇ!

ಆ ಅಜ್ಜಿಯರು ಉಪದೇಶ ಮಾಡಲ್ಲ. ಬಂದವರ ಕಷ್ಟಗಳನ್ನೆಲ್ಲ ಕೇಳಿ, ಅವುಗಳಲ್ಲಿ ಒಂದನ್ನ ಅವರೇ ಆರಿಸಿಕೊಳ್ಳೋ ಹಾಗೆ ಮಾಡಿ, ಅದಕ್ಕೆ ಈ ವಾರ ಏನು ಮಾಡಬಹುದು ಅಂತ ಜೊತೆಗೆ ಯೋಚಿಸುತ್ತಾರೆ. ಮುಂದಿನ ವಾರ ಮತ್ತೆ ಕೂರುತ್ತಾರೆ. ಪಾಕಿಸ್ತಾನದ ಪೇಶಾವರದಲ್ಲೂ ಸಂಘರ್ಷದಲ್ಲಿ ನೊಂದವರಿಗೆ ಇದೇ ಥರದ ಐದು ಭೇಟಿಯ ಕಾರ್ಯಕ್ರಮ ಮಾಡಿ ನೋಡಿದ್ದಾರೆ. ನಡೆಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಸಂಘರ್ಷ ನಡೆದ ಕಡೆ ಐದರಲ್ಲಿ ಒಬ್ಬರಿಗೆ ಏನಾದರೊಂದು ಮಾನಸಿಕ ಸಮಸ್ಯೆ ಇರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತ್ತು. ಅಷ್ಟು ಜನಕ್ಕೆ ಡಾಕ್ಟರನ್ನ ಎಲ್ಲಿಂದ ತರೋದು?

ಹಾಗಂತ ಎಲ್ಲವೂ ಮಾತಲ್ಲೇ ವಾಸಿಯಾಗಲ್ಲ. ಮಾತ್ರೆ ಬೇಕಾದವರೂ ಇರುತ್ತಾರೆ. ತುರುವೇಕೆರೆ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಅನ್ನೋ ಗಂಭೀರ ಮಾನಸಿಕ ಕಾಯಿಲೆ ಇರೋರನ್ನ ಅವರ ಊರ ಹತ್ತಿರವೇ ನೋಡೋ ಕೆಲಸ ಮಾಡಿದ್ದಾರೆ, ಅದರಲ್ಲಿ ಆಶಾಗಳೂ ಇದ್ದರು.

ಇನ್ನೊಂದು, ನಿಮ್ಮ ಕಡೆ ಮನೆಯಲ್ಲಿ ತೆಲುಗು ಅಲ್ವಾ? ಕೂರುವವರು ತೆಲುಗಿನಲ್ಲೇ ಮಾತಾಡಲಿ.

ಗಡಿ_ಊರಿನ_ಆಶಾ

ಮೂರು ವಾರ ಆಯ್ತು, ತಡವಾಗಿದ್ದಕ್ಕೆ ಬೇಜಾರಾಗಬೇಡಿ. ಕಾಲೋನಿಯ ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯೋ ಅಮ್ಮ ಒಬ್ಬರಿದ್ದಾರೆ, ಎಲ್ಲರೂ ಅವರ ಮಾತು ಕೇಳುತ್ತಾರೆ. ಇಲ್ಲಿ ನೀವು ಬರೆದದ್ದನ್ನ ಅವರಿಗೆ ಓದಿ ಹೇಳಿದೆ. ಅವರೇ ಸಂಜೆ ಹೊತ್ತು ಅಜ್ಜಿ ಜಗಲಿ ಮೇಲೆ ಕೂರೋಕೆ ಶುರು ಮಾಡಿದರು. ನಾನು ಹೋಗಲ್ಲ.

ಎರಡನೇ ವಾರ ಅಜ್ಜಿ ಹೇಳಿದ್ದು ಲೈಟಿನ ವಿಷಯ! ಅವರ ಮನೆ ಮುಂದಿನ ಕಂಬದ ಬಲ್ಬು ಅವತ್ತು ಕಲ್ಲಿಗೆ ಒಡೆದಿದ್ದು, ಯಾರೂ ಹಾಕಿಲ್ಲ. ನಾನು ಐದು ತಿಂಗಳು ಅದೇ ಕಂಬದ ಪಕ್ಕ ಗಾಡಿ ನಿಲ್ಲಿಸಿದ್ದೇನೆ, ಕತ್ತೆತ್ತಿ ನೋಡಿಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಟ್ಟು, ಎರಡು ಸಲ ಅಲೆದ ಮೇಲೆ ಶನಿವಾರ ಹಾಕಿದರು. ಚೀಲ ಇನ್ನೂ ಅಡ್ಡ ಇಡುತ್ತಾರೆ. ಒರಗಿ ಕೂರಲ್ಲ, ಮಲಗುತ್ತಾರಂತೆ.

ಡೈರಿ ಇನ್ನೂ ಹಾಗೇ ಇದೆ, ಚಿಂತಾಮಣಿ ಅಣ್ಣ. ಕೇಸಿನದ್ದೂ ಸುದ್ದಿ ಇಲ್ಲ.

ಹುಡುಗನನ್ನ ಡಾಕ್ಟರಿಗೆ ತೋರಿಸೋಕೆ ಅವರಮ್ಮ ಒಪ್ಪಿದ್ದಾರೆ, ಆದರೆ ನಮ್ಮ ತಾಲೂಕು ಆಸ್ಪತ್ರೆ ಬೇಡವಂತೆ, ಅಲ್ಲಿ ಎಲ್ಲರೂ ಗುರುತಿನವರು. ಬೇರೆ ತಾಲೂಕಿಗೆ ಹೋಗಬಹುದಾ?

ಶಿರಾಗೇಟ್

ಹೋಗಬಹುದು. ಜಿಲ್ಲಾಸ್ಪತ್ರೆಗೇ ಹೋಗಿ. ಶಾಲೆಯಲ್ಲಿ ಹೇಗಿದ್ದಾನೆ ಅಂತ ಮೇಷ್ಟ್ರನ್ನ ಕೇಳಿಕೊಂಡು ಹೋಗಿ, ಡಾಕ್ಟರು ಕೇಳುತ್ತಾರೆ.