ಅರ್ಧಕ್ಕೆ ನಿಂತಿರುವ ಚಿತ್ರ: ಸಾಲ ಮಾಡುವುದೋ, ಹಕ್ಕು ಬಿಟ್ಟುಕೊಡುವುದೋ?

ಪ್ರಶ್ನೆ:
ಉಳಿತಾಯದ ಹಣ ಹಾಗೂ ಸ್ನೇಹಿತರ ಕೈಗಡದಿಂದ ನನ್ನ ಮೊದಲ ಚಲನಚಿತ್ರದ ಚಿತ್ರೀಕರಣ ಮತ್ತು ಸಂಕಲನವನ್ನು ಮುಗಿಸಿದ್ದೇನೆ. ಸೌಂಡ್ ಮಿಕ್ಸಿಂಗ್ (ಮಾತು, ಹಾಡು, ಸದ್ದುಗಳ ಹೊಂದಾಣಿಕೆ), ಕಲರ್ ಗ್ರೇಡಿಂಗ್ (ಬಣ್ಣಗಳ ಹೊಂದಾಣಿಕೆ) ಮತ್ತು ಚಿತ್ರಮಂದಿರಕ್ಕೆ ಬೇಕಾದ ಡಿಸಿಪಿ ಎಂಬ ಡಿಜಿಟಲ್ ಪ್ರತಿಗೆ ಹಣ ಉಳಿದಿಲ್ಲ. ಆ ವೆಚ್ಚ ಭರಿಸಲು ವಿತರಕರೊಬ್ಬರು ಸಿದ್ಧರಿದ್ದಾರೆ. ಆದರೆ ಎಲ್ಲ ಮಾಧ್ಯಮಗಳ ಹಕ್ಕನ್ನೂ ಶಾಶ್ವತವಾಗಿ ಬರೆದುಕೊಡಬೇಕೆಂದೂ, ಪ್ರಚಾರದ ಖರ್ಚು ಕಳೆದು ಉಳಿದದ್ದರಲ್ಲಿ ಮಾತ್ರ ನನಗೆ ಪಾಲೆಂದೂ ಹೇಳುತ್ತಾರೆ. ಇದಕ್ಕೆ ಒಪ್ಪಬೇಕೇ, ಅಥವಾ ಬ್ಯಾಂಕಿನಲ್ಲಿ ವೈಯಕ್ತಿಕ ಸಾಲ ತೆಗೆದು ನಾನೇ ಮುಗಿಸಬೇಕೇ?

ಉತ್ತರ 1:
ನಿಮ್ಮ ಪಾಲು ಶೇಕಡಾ ಎಷ್ಟು ಎಂಬುದಕ್ಕಿಂತ, ಹಣ ಯಾವ ಕ್ರಮದಲ್ಲಿ ಹಂಚಿಕೆಯಾಗುತ್ತದೆ ಎಂಬುದನ್ನು ಮೊದಲು ನೋಡಿ. ಟಿಕೆಟ್ ಹಣದಲ್ಲಿ ತೆರಿಗೆ ಹಾಗೂ ಚಿತ್ರಮಂದಿರದ ಪಾಲು ಹೋಗಿ, ಉಳಿದದ್ದರಲ್ಲಿ ವಿತರಕರ ಕಮಿಷನ್ ಮತ್ತು ಖರ್ಚು ಕಳೆದ ಮೇಲೆ ನಿರ್ಮಾಪಕರ ಸರದಿ ಬರುವುದು ಸಾಮಾನ್ಯ ಪದ್ಧತಿ. ಆ ಖರ್ಚಿಗೆ ಗರಿಷ್ಠ ಮಿತಿ ಇಲ್ಲದಿದ್ದರೆ, ಚಿತ್ರ ಚೆನ್ನಾಗಿ ಓಡಿದರೂ ನಿಮ್ಮ ಖಾತೆಗೆ ಏನೂ ಬಾರದೇ ಇರಬಹುದು. ಖರ್ಚಿನ ಮಿತಿ, ಹಕ್ಕಿಗೆ ನಿಗದಿತ ಅವಧಿ, ಲೆಕ್ಕಪತ್ರ ಪರಿಶೀಲಿಸುವ ಅಧಿಕಾರ ಇವು ಬರವಣಿಗೆಯಲ್ಲಿ ಇಲ್ಲದೆ ಸಹಿ ಹಾಕಬೇಡಿ.

ಉತ್ತರ 2:
ಸಾಲದ ಕಂತು ಚಿತ್ರದ ಬಿಡುಗಡೆಗಾಗಿ ಕಾಯುವುದಿಲ್ಲವಾದ್ದರಿಂದ ಆ ದಾರಿ ನನಗೆ ಸರಿಕಾಣುವುದಿಲ್ಲ. ಸ್ನೇಹಿತರು ಒಪ್ಪಿದರೆ ಕೈಗಡವನ್ನು ಲಾಭ-ನಷ್ಟ ಎರಡಕ್ಕೂ ಅನ್ವಯಿಸುವ ಪಾಲುದಾರಿಕೆಯಾಗಿ ಬದಲಿಸಿ, ಮರಳಿಸಲೇಬೇಕಾದ ಹೊರೆ ಅಷ್ಟು ಇಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವವು 1988ರಿಂದ ನಡೆಸುತ್ತಿರುವ ಹ್ಯೂಬರ್ಟ್ ಬಾಲ್ಸ್ ನಿಧಿಯಂತಹ ಅನುದಾನಗಳೂ ಇವೆ. ಪೈಪೋಟಿ ವಿಪರೀತ, ನಿಮ್ಮ ಹಂತಕ್ಕೆ ನೆರವಿದೆಯೇ ಎಂದು ನಿಯಮ ಓದಿಯೇ ಅರ್ಜಿ ಹಾಕಿ.

ಉತ್ತರ 3:
ಹಿನ್ನೆಲೆಯಲ್ಲಿ ಬೇರೆಯವರ ಹಾಡುಗಳಿವೆಯೇ? ಅಮೆರಿಕದ ನಿರ್ದೇಶಕ ಚಾರ್ಲ್ಸ್ ಬರ್ನೆಟ್ ಅವರು ವಿದ್ಯಾರ್ಥಿಯಾಗಿದ್ದಾಗ ತಯಾರಿಸಿದ ‘ಕಿಲ್ಲರ್ ಆಫ್ ಶೀಪ್’ ಚಿತ್ರ, ಸಂಗೀತದ ಹಕ್ಕುಗಳಿಗೆ ಹಣ ಕಟ್ಟದ ಕಾರಣಕ್ಕೆ, 1970ರ ದಶಕದಲ್ಲೇ ಸಿದ್ಧವಾಗಿದ್ದರೂ 2007ರವರೆಗೆ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾಗಲಿಲ್ಲ.

ಪ್ರಶ್ನೆ ಕೇಳಿದವರು:
ಒಂದು ದೃಶ್ಯದಲ್ಲಿ ರೇಡಿಯೋದಿಂದ ಹಳೆಯ ಹಾಡೊಂದು ಕೇಳಿಸುತ್ತದೆ. ಸಂಗೀತ ನಿರ್ದೇಶಕರ ಕುಟುಂಬದವರು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ.

ಉತ್ತರ 3 ಬರೆದವರು:
ಅದು ಸಾಲದು. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಎರಡನೆಯದು ಸಾಮಾನ್ಯವಾಗಿ ಧ್ವನಿಮುದ್ರಣ ಸಂಸ್ಥೆಯ ಬಳಿ ಇರುತ್ತದೆ. ಎರಡಕ್ಕೂ ಲಿಖಿತ ಅನುಮತಿ ಪಡೆಯುವ ಖರ್ಚು ಕೈಮೀರಿದರೆ, ಮಿಕ್ಸಿಂಗ್ ಇನ್ನೂ ಆಗಿಲ್ಲವಾದ್ದರಿಂದ, ಆ ಜಾಗಕ್ಕೆ ಹೊಸದಾಗಿ ಸಂಯೋಜಿಸಿದ ಹಾಡನ್ನು ಈಗಲೇ ಸೇರಿಸಿ.